ಭೂಕಂಪದಲ್ಲಿ ಬಿರುಕು ಬಿಟ್ಟ ಆರ್‌ಸಿಸಿ ಕಟ್ಟಡ: ಗಾರೆ ಮೆತ್ತುವ ಮುನ್ನ ಮಾಡಬೇಕಾದ ಕೆಲಸ

2021ರ ಅಕ್ಟೋಬರ್‌ನಲ್ಲಿ ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವಾರದ ಸುತ್ತ ನೆಲ ಮತ್ತೆ ಮತ್ತೆ ಗುಡುಗಿದಾಗಲೂ, 2022ರ ಜೂನ್‌ನಲ್ಲಿ ಕೊಡಗು ಮತ್ತು ಸುಳ್ಯದ ಗಡಿಭಾಗದ ಊರುಗಳು ಕಂಪಿಸಿದಾಗಲೂ ಓದುಗರು ಕೇಳಿದ್ದು ಒಂದೇ ಪ್ರಶ್ನೆ: “ಕಾಲಂನಲ್ಲಿ ಬಿರುಕು ಕಾಣಿಸಿದೆ, ಸಿಮೆಂಟ್ ತುಂಬಿ ಬಣ್ಣ ಹೊಡೆದರೆ ಸಾಕು ಎಂದು ಮೇಸ್ತ್ರಿ ಹೇಳುತ್ತಿದ್ದಾರೆ, ಸಾಕೇ?” ಆ ಕಂಪನಗಳು ಸಣ್ಣವು, ನೆಟ್ಟಗೆ ಕಟ್ಟಿದ ಆರ್‌ಸಿಸಿ (ಕಂಬಿ ಹಾಕಿದ ಕಾಂಕ್ರೀಟ್) ಚೌಕಟ್ಟಿಗೆ ಅಷ್ಟರಿಂದ ಧಕ್ಕೆಯಾಗುವುದು ಅಪರೂಪ, ಅಲ್ಲಿ ಕಂಡ ಬಿರುಕುಗಳಲ್ಲಿ ಹೆಚ್ಚಿನವು ಗಾರೆಯವೋ ಇಟ್ಟಿಗೆ ಗೋಡೆಯವೋ ಆಗಿರುತ್ತವೆ. ಆದರೆ ಪ್ರಶ್ನೆ ಸರಿಯಾದದ್ದೇ. ದೊಡ್ಡ ಭೂಕಂಪಕ್ಕೆ ಸಿಕ್ಕಿಯೂ ಬೀಳದೆ ನಿಂತ ಆರ್‌ಸಿಸಿ ಕಟ್ಟಡವನ್ನು ಮತ್ತೆ ವಾಸಕ್ಕೆ ಯೋಗ್ಯವಾಗಿಸುವುದು ಹೇಗೆ ಎಂಬುದನ್ನು ಈ ಲೇಖನದಲ್ಲಿ ಹಂತ ಹಂತವಾಗಿ ವಿವರಿಸುತ್ತೇನೆ.

ಈ ವಿಷಯದಲ್ಲಿ ನಮ್ಮ ದೇಶಕ್ಕೆ ದೊಡ್ಡ ಪಾಠಶಾಲೆಯಾದದ್ದು ಗುಜರಾತ್. 2001ರ ಜನವರಿ 26ರ ಬೆಳಿಗ್ಗೆ 8 ಗಂಟೆ 46 ನಿಮಿಷಕ್ಕೆ ಕಛ್‌ನಲ್ಲಿ ಸಂಭವಿಸಿದ, ಸುಮಾರು 7.7 ತೀವ್ರತೆಯ ಭೂಕಂಪ ಭುಜ್, ಭಚಾವು, ಅಂಜಾರ್ ಪಟ್ಟಣಗಳನ್ನು ನೆಲಸಮ ಮಾಡಿದ್ದಲ್ಲದೆ, ಕೇಂದ್ರಬಿಂದುವಿನಿಂದ 200 ಕಿಲೋಮೀಟರಿಗೂ ಹೆಚ್ಚು ದೂರದ ಅಹಮದಾಬಾದಿನಲ್ಲಿ ಹತ್ತಾರು ಬಹುಮಹಡಿ ಆರ್‌ಸಿಸಿ ಕಟ್ಟಡಗಳನ್ನು ಬೀಳಿಸಿತು. ಬಿದ್ದವುಗಳಲ್ಲಿ ಹೆಚ್ಚಿನವು ಒಂದೇ ಅಚ್ಚಿನವು. ನೆಲಮಹಡಿಯಲ್ಲಿ ಗೋಡೆಯಿಲ್ಲದೆ ಬರೀ ಕಾಲಂಗಳ ಮೇಲೆ ನಿಂತ ಪಾರ್ಕಿಂಗ್ (ಇದನ್ನೇ ಸ್ಟಿಲ್ಟ್ ಮಹಡಿ ಎನ್ನುವುದು), ಅದರ ಮೇಲೆ ಇಟ್ಟಿಗೆ ಗೋಡೆ ತುಂಬಿದ ನಾಲ್ಕೈದು ಅಥವಾ ಹತ್ತು ಮಹಡಿ. ಮೇಲಿನ ಮಹಡಿಗಳನ್ನು ಹೊರಕ್ಕೆ ಚಾಚಿಸಿ, ಚಾಚಿದ ಬೀಮಿನ ತುದಿಯ ಮೇಲೆ ಕಾಲಂ ಎಬ್ಬಿಸುವುದು ಅಲ್ಲಿ ರೂಢಿಯಲ್ಲಿತ್ತು. ನೆಲಕ್ಕೆ ತಲುಪದ ಇಂಥ ಕಾಲಂಗೆ ತೇಲುಕಾಲಂ ಎನ್ನೋಣ.

ಹಾಗಾಗಿ ಕೆಲಸಕ್ಕೆ ಕೈಹಾಕುವ ಮೊದಲೇ ಎರಡು ಮಾತುಗಳನ್ನು ಬೇರೆಯಾಗಿಟ್ಟುಕೊಳ್ಳಿ. ದುರಸ್ತಿ ಎಂದರೆ ಕಟ್ಟಡವನ್ನು ಭೂಕಂಪದ ಹಿಂದಿನ ದಿನ ಇದ್ದ ಸ್ಥಿತಿಗೆ ತರುವುದು. ಬಲವರ್ಧನೆ ಎಂದರೆ ಆ ಸ್ಥಿತಿಯಲ್ಲೇ ಇದ್ದ ದೋಷವನ್ನು ನಿವಾರಿಸುವುದು. ಸ್ಟಿಲ್ಟ್ ಮಹಡಿಯ ಕಾಲಂ ಒಡೆದದ್ದು ಅದು ದುರ್ಬಲವಾಗಿದ್ದರಿಂದ. ಅದನ್ನು ಮೊದಲಿನಂತೆಯೇ ಮಾಡಿದರೆ ಮುಂದಿನ ಸಲ ಅದೇ ಜಾಗದಲ್ಲಿ ಒಡೆಯುತ್ತದೆ. ಬರೀ ದುರಸ್ತಿಗೆ ಹಣ ಸುರಿದು ಬಲವರ್ಧನೆಯನ್ನು ಮುಂದೂಡುವುದು ಈ ಕ್ಷೇತ್ರದಲ್ಲಿ ನಡೆಯುವ ಅತಿ ದುಬಾರಿ ತಪ್ಪೆಂದು ನಾನು ತಿಳಿಯುತ್ತೇನೆ.

ಏನೇನು ಬೇಕು

ಎಲ್ಲಕ್ಕಿಂತ ಮೊದಲು ಸ್ಟ್ರಕ್ಚರಲ್ ಎಂಜಿನಿಯರ್ ಬೇಕು. ಕಟ್ಟಡ ಕಟ್ಟಿಸಿದ ಗುತ್ತಿಗೆದಾರರಿಗೆ ಸಂಬಂಧಪಡದವರಾದರೆ ಒಳ್ಳೆಯದು. ಈ ಮಾರ್ಗದರ್ಶಿಯನ್ನು ಓದಿ ನೀವೇ ಕಾಲಂಗೆ ಉಳಿ ಹಾಕಬೇಕೆಂದು ನಾನು ಬರೆಯುತ್ತಿಲ್ಲ. ಎಂಜಿನಿಯರ್ ಮತ್ತು ಗುತ್ತಿಗೆದಾರರನ್ನು ಯಾವ ಪ್ರಶ್ನೆ ಕೇಳಬೇಕು, ಸೈಟಿನಲ್ಲಿ ಯಾವ ಕೆಲಸವನ್ನು ಕಣ್ಣಿಟ್ಟು ನೋಡಬೇಕು ಎಂಬುದು ನಿಮಗೆ ಗೊತ್ತಿರಬೇಕೆಂದು ಬರೆಯುತ್ತಿದ್ದೇನೆ. ಮೂಲ ನಕ್ಷೆಗಳು, ಅದರಲ್ಲೂ ಕಂಬಿಗಳ ವಿವರವಿರುವ ಸ್ಟ್ರಕ್ಚರಲ್ ನಕ್ಷೆ ಸಿಕ್ಕರೆ ಅರ್ಧ ಕೆಲಸ ಹಗುರಾಗುತ್ತದೆ. ಸಿಗದಿದ್ದರೆ ಅಳತೆ ಮಾಡಿ ಹೊಸದಾಗಿ ಬರೆಸಬೇಕು. ಭಾರತೀಯ ಮಾನಕಗಳ ಪೈಕಿ ಹಳೆಯ ಆರ್‌ಸಿಸಿ ಕಟ್ಟಡಗಳ ಭೂಕಂಪ ಮೌಲ್ಯಮಾಪನ ಮತ್ತು ಬಲವರ್ಧನೆಗೆ ಇರುವುದು 2013ರ ಐಎಸ್ 15988. ಕಂಬಿ ಕಟ್ಟುವ ವಿವರಗಳಿಗೆ ಐಎಸ್ 13920. “ಇವೆರಡರಲ್ಲಿ ಯಾವುದರ ಪ್ರಕಾರ ಏನು ಮಾಡುತ್ತಿದ್ದೀರಿ?” ಎಂದು ಕೇಳಲು ನೀವು ಎಂಜಿನಿಯರ್ ಆಗಿರಬೇಕಾಗಿಲ್ಲ.

ಹಂತ 1: ಒಳಗೆ ಹೋಗದೆ ಹೊರಗಿನಿಂದ ನೋಡುವುದು

ದೊಡ್ಡ ಭೂಕಂಪದ ನಂತರ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಮರುಕಂಪನಗಳು ಬರುತ್ತಿರುತ್ತವೆ. ಮೊದಲ ಹೊಡೆತಕ್ಕೆ ಅರ್ಧ ಮುರಿದ ಕಾಲಂ ಅವುಗಳಲ್ಲೊಂದಕ್ಕೆ ಪೂರ್ತಿ ಮುರಿಯಬಹುದು. ಆದ್ದರಿಂದ ದಾಖಲೆ, ಒಡವೆ ಎಂದು ಒಳಗೆ ಓಡಬೇಡಿ. ಹೊರಗಿನಿಂದಲೇ ವಿದ್ಯುತ್ ಮತ್ತು ಅಡುಗೆ ಅನಿಲದ ಸಂಪರ್ಕ ಕಡಿಸಿ, ನಾಲ್ಕೂ ಕಡೆಯಿಂದ ಕಟ್ಟಡವನ್ನು ನೋಡಿ. ಯಾವುದಾದರೂ ಮಹಡಿ ಪಕ್ಕಕ್ಕೆ ಸರಿದಿದೆಯೇ, ಸ್ಟಿಲ್ಟ್ ಕಾಲಂಗಳು ವಾಲಿವೆಯೇ, ಅಡಿಪಾಯದ ಬಳಿ ನೆಲ ಬಾಯ್ತೆರೆದಿದೆಯೇ, ಮೇಲಿನ ನೀರಿನ ಟ್ಯಾಂಕು ನೆಟ್ಟಗಿದೆಯೇ ಎಂಬುದೆಲ್ಲ ರಸ್ತೆಯಿಂದಲೇ ತಿಳಿಯುತ್ತದೆ. ಕಾಲಂನ ಕಂಬಿ ಹೊರಬಂದು ಬಿಲ್ಲಿನಂತೆ ಬಾಗಿದ್ದರೆ ಪಕ್ಕದ ಮನೆಯವರನ್ನೂ ಸ್ಥಳಾಂತರಿಸಬೇಕಾಗಬಹುದು.

ಹಲವು ದೇಶಗಳಲ್ಲಿ ಪರಿಶೀಲಕರು ಕಟ್ಟಡಕ್ಕೆ ಹಸಿರು, ಹಳದಿ, ಕೆಂಪು ಚೀಟಿ ಅಂಟಿಸುತ್ತಾರೆ. ಹಸಿರೆಂದರೆ ಒಳಗೆ ಹೋಗಬಹುದು, ಹಳದಿಯೆಂದರೆ ನಿರ್ಬಂಧದೊಂದಿಗೆ ಹೋಗಬಹುದು, ಕೆಂಪೆಂದರೆ ಕಾಲಿಡಬಾರದು. ಕೆಂಪು ಚೀಟಿ ಎಂದರೆ ಕೆಡವಲೇಬೇಕೆಂಬ ತೀರ್ಪಲ್ಲ, ಹಸಿರು ಚೀಟಿ ಎಂದರೆ ಮುಂದಿನ ಭೂಕಂಪವನ್ನು ತಾಳುತ್ತದೆಂಬ ಭರವಸೆಯೂ ಅಲ್ಲ. ಅದು ಆ ಹೊತ್ತಿನ ಸುರಕ್ಷತೆಯ ಮಾತು ಮಾತ್ರ.

ಹಂತ 2: ಆಸರೆ ಕೊಡುವುದು

ಘಾಸಿಗೊಂಡ ಕಾಲಂನ ಸುತ್ತ, ಅದು ಹೊತ್ತಿರುವ ಬೀಮುಗಳ ಕೆಳಗೆ ಉಕ್ಕಿನ ಜಾಕ್‌ಗಳನ್ನು ನಿಲ್ಲಿಸಿ ಭಾರವನ್ನು ಅವುಗಳ ಮೇಲೆ ತೆಗೆದುಕೊಳ್ಳುವುದೇ ಆಸರೆ. ಸೆಂಟ್ರಿಂಗ್‌ಗೆ ಬಳಸುವ ನೀಲಗಿರಿ ಪೋಲ್‌ಗಳು ಹಸಿ ಸ್ಲ್ಯಾಬಿನ ಭಾರಕ್ಕೆ ಸಾಕಾಗುತ್ತವೆಯೇ ಹೊರತು ನಾಲ್ಕು ಮಹಡಿ ಹೊತ್ತ ಕಾಲಂಗಲ್ಲ. ಎಷ್ಟು ಜಾಕ್, ಎಲ್ಲೆಲ್ಲಿ ಎಂಬುದನ್ನು ಎಂಜಿನಿಯರ್ ಲೆಕ್ಕ ಹಾಕಿ ಕೊಡಬೇಕು.

ಇಲ್ಲಿ ಪದೇ ಪದೇ ಆಗುವ ತಪ್ಪೊಂದಿದೆ. ಎರಡನೇ ಮಹಡಿಯ ಕಾಲಂಗೆ ಆಸರೆ ಕೊಡುವಾಗ ಜಾಕ್‌ಗಳನ್ನು ಎರಡನೇ ಮಹಡಿಯ ನೆಲದ ಮೇಲೆ ನಿಲ್ಲಿಸಿ ಅಲ್ಲಿಗೇ ಬಿಟ್ಟುಬಿಡುತ್ತಾರೆ. ಆಗ ಆ ಭಾರವೆಲ್ಲ ಕೆಳಗಿನ ಸ್ಲ್ಯಾಬಿನ ನಡುವೆ ಬಂದು ಕೂರುತ್ತದೆ, ಸ್ಲ್ಯಾಬನ್ನು ಅದಕ್ಕಾಗಿ ಕಟ್ಟಿರುವುದಿಲ್ಲ. ಆಸರೆ ಒಂದರ ಕೆಳಗೊಂದು, ಅದೇ ನೇರದಲ್ಲಿ, ನೆಲ ಮುಟ್ಟುವವರೆಗೆ ಇಳಿಯಬೇಕು. ನೆಲದಲ್ಲಿ ಅಗಲವಾದ ಹಲಗೆ ಅಥವಾ ಉಕ್ಕಿನ ತಗಡು ಹಾಸಿ ಭಾರ ಹರಡಬೇಕು. ಬೆಣೆ ಬಿಗಿಯಾಗಿ ಕೂತರೆ ಸಾಕು, ಇಳಿದ ಸ್ಲ್ಯಾಬನ್ನು ಮೇಲೆತ್ತುತ್ತೇನೆಂದು ಜಾಕ್ ತಿರುಗಿಸುತ್ತಾ ಹೋದರೆ ಚೆನ್ನಾಗಿದ್ದ ಕಡೆಯೂ ಬಿರುಕು ಬಿಡುತ್ತದೆ.

ಹಂತ 3: ಗಾರೆ ಕಿತ್ತು ಬಿರುಕು ಓದುವುದು

ಗಾರೆಯ ಮೇಲೆ ಕಾಣುವ ಬಿರುಕು ಕಾಂಕ್ರೀಟಿನ ಬಿರುಕಲ್ಲ. ಅನುಮಾನವಿರುವ ಪ್ರತಿ ಕಾಲಂ, ಬೀಮು ಮತ್ತು ಅವೆರಡು ಸೇರುವ ಜಾಯಿಂಟಿನ ಗಾರೆಯನ್ನು ಸಣ್ಣ ಉಳಿ ಸುತ್ತಿಗೆಯಿಂದ ತೆಗೆಸಿ, ಬ್ರಷ್‌ನಿಂದ ಧೂಳು ಜಾಡಿಸಿ, ಬಿರುಕು ಒಳಗೂ ಇದೆಯೇ ನೋಡಿ. ಇದ್ದರೆ ಅದರ ದಿಕ್ಕು, ಉದ್ದ ಮತ್ತು ಅಗಲವನ್ನು ಆ ಕಾಲಂನ ಪಕ್ಕದಲ್ಲೇ ಸೀಸದ ಕಡ್ಡಿಯಿಂದ ಬರೆದು, ದಿನಾಂಕ ಹಾಕಿ ಫೋಟೊ ತೆಗೆಯಿರಿ. ಅಗಲ ಅಳೆಯಲು ಗೆರೆಗಳಿರುವ ಪಾರದರ್ಶಕ ಪಟ್ಟಿ ಸಿಗುತ್ತದೆ. ಮರುಕಂಪನಕ್ಕೆ ಬಿರುಕು ಬೆಳೆಯುತ್ತಿದೆಯೇ ಎಂದು ತಿಳಿಯಲು ಅದರ ಮೇಲೆ ಅಡ್ಡಲಾಗಿ ತೆಳು ಗಾಜಿನ ಪಟ್ಟಿ ಅಂಟಿಸಿಡಿ. ಬಿರುಕು ಸರಿದರೆ ಗಾಜು ಒಡೆಯುತ್ತದೆ.

ಬಿರುಕಿನ ದಿಕ್ಕಿನಲ್ಲೇ ಅದರ ಕಾರಣವಿರುತ್ತದೆ. ಕಾಲಂನ ತಲೆ ಅಥವಾ ಬುಡದಲ್ಲಿ ಅಡ್ಡಡ್ಡ ಬಂದ ಬಿರುಕು ಬಾಗುವಿಕೆಯದು, ಬೇಗ ಗಾಬರಿಪಡಬೇಕಾಗಿಲ್ಲ. ಓರೆಯಾಗಿ, ಗುಣಿಸು ಚಿಹ್ನೆಯಂತೆ ಬಂದದ್ದು ಕತ್ತರಿ ಬಲದ್ದು, ಇಂಗ್ಲಿಷಿನಲ್ಲಿ ಶಿಯರ್ ಎನ್ನುವುದು. ಕಾಲಂ ಮುನ್ಸೂಚನೆಯಿಲ್ಲದೆ ಕುಸಿಯುವುದು ಇದರಿಂದಲೇ. ಮುಖ್ಯ ಕಂಬಿಯ ಉದ್ದಕ್ಕೂ ನೆಟ್ಟಗೆ ನಿಂತ ಬಿರುಕು ಕಂಬಿ ತುಕ್ಕು ಹಿಡಿದದ್ದನ್ನು ಅಥವಾ ಎರಡು ಕಂಬಿಗಳನ್ನು ಜೋಡಿಸಿದ ಜಾಗ ಜಾರಿದ್ದನ್ನು ಹೇಳುತ್ತದೆ. ಅರ್ಧ ಎತ್ತರದವರೆಗೆ ಗೋಡೆ ಕಟ್ಟಿ ಮೇಲೆ ಉದ್ದುದ್ದ ಕಿಟಕಿ ಬಿಟ್ಟ ಶಾಲೆ, ಆಸ್ಪತ್ರೆಗಳಲ್ಲಿ ಕಾಲಂನ ಮೇಲರ್ಧ ಮಾತ್ರ ಒಡೆದಿರುವುದನ್ನು ನೋಡಬಹುದು. ಅದು ಗಿಡ್ಡ ಕಾಲಂನ ಸಮಸ್ಯೆ. ಅಲುಗಾಡಲು ಸಿಗುವ ಎತ್ತರ ಅರ್ಧವಾದರೆ ಕಾಲಂನ ಬಿಗಿತ ಎಂಟು ಪಟ್ಟಾಗುತ್ತದೆ, ಹೆಚ್ಚು ಬಿಗಿಯಾದದ್ದು ಹೆಚ್ಚು ಬಲವನ್ನು ತನ್ನ ಮೇಲೆ ಎಳೆದುಕೊಳ್ಳುತ್ತದೆ.

ಅಗಲದ ವಿಷಯದಲ್ಲಿ ಜಪಾನಿನ ಎಂಜಿನಿಯರುಗಳು ಬಳಸುವ ಐದು ದರ್ಜೆಗಳು ಸಾಮಾನ್ಯ ಓದುಗರಿಗೂ ಅರ್ಥವಾಗುವಂಥವು. ಬಿರುಕು 0.2 ಮಿಲಿಮೀಟರಿಗಿಂತ ಕಡಿಮೆಯಿದ್ದರೆ ಮೊದಲ ದರ್ಜೆ, 0.2ರಿಂದ 1 ಮಿಲಿಮೀಟರ್ ಎರಡನೆಯದು. 1ರಿಂದ 2 ಮಿಲಿಮೀಟರ್ ಆಗಿ ಅಲ್ಲಲ್ಲಿ ಹೊರಪದರ ಉದುರಿದ್ದರೆ ಮೂರನೆಯದು. 2 ಮಿಲಿಮೀಟರ್ ದಾಟಿ, ಕಾಂಕ್ರೀಟ್ ಉದುರಿ ಕಂಬಿ ಕಾಣಿಸುತ್ತಿದ್ದರೆ ನಾಲ್ಕನೆಯದು. ಕಂಬಿ ಬಾಗಿ, ಒಳಗಿನ ಕಾಂಕ್ರೀಟ್ ಪುಡಿಯಾಗಿ, ಕಾಲಂ ಎತ್ತರದಲ್ಲೇ ಕುಗ್ಗಿದ್ದರೆ ಐದನೆಯದು. ಒಂದು ಎಚ್ಚರಿಕೆ: ನೆಲ ನಿಂತ ಮೇಲೆ ಮೇಲಿನ ಭಾರಕ್ಕೆ ಬಿರುಕು ಮುಚ್ಚಿಕೊಳ್ಳುವುದುಂಟು. ಅಲುಗಾಟದ ನಡುವೆ ಅದು ಎಷ್ಟು ತೆರೆದಿತ್ತು ಎಂಬುದನ್ನು ಪಟ್ಟಿ ತೋರಿಸುವುದಿಲ್ಲ. ಆದ್ದರಿಂದ ಕಾಲಂನ ಓರೆ ಬಿರುಕು ಎಷ್ಟೇ ಸಣ್ಣದಾಗಿದ್ದರೂ ಅದನ್ನು ಮೊದಲ ದರ್ಜೆಗೆ ಸೇರಿಸಿ ಮರೆಯಬೇಡಿ.

ಗಾರೆ ತೆಗೆದಿದ್ದೀರಲ್ಲ, ಇನ್ನೊಂದು ಪರೀಕ್ಷೆಯನ್ನು ಈಗಲೇ ಮಾಡಿಸಿ. ಆಸರೆ ಕೊಟ್ಟ ನಂತರ, ಕಾಲಂನ ಬುಡದ ಮೂಲೆಯಲ್ಲಿ ಒಂದು ಗೇಣಿನಷ್ಟು ಹೊರಪದರ ಬಿಡಿಸಿ, ಉದ್ದ ಕಂಬಿಗಳನ್ನು ಸುತ್ತಿ ಹಿಡಿದಿರುವ ಅಡ್ಡ ರಿಂಗ್‌ಗಳನ್ನು ನೋಡಿ. ಎರಡು ರಿಂಗ್‌ಗಳ ನಡುವೆ ಎಷ್ಟು ಅಂತರವಿದೆ ಎಂದು ಅಳೆಯಿರಿ. ನಂತರ ರಿಂಗ್‌ನ ತುದಿ ಎತ್ತ ತಿರುಗಿದೆ ಎಂದು ನೋಡಿ. ಮೂಲೆಯ ಕಂಬಿಯನ್ನು ಸುತ್ತಿ ಕಾಲಂನ ಹೊಟ್ಟೆಯೊಳಕ್ಕೆ, ಅಂದರೆ 135 ಡಿಗ್ರಿಗೆ ಬಾಗಿದ್ದರೆ ಅದು ಭೂಕಂಪದಲ್ಲಿ ಹಿಡಿತ ಬಿಡುವುದಿಲ್ಲ. ಬರೀ 90 ಡಿಗ್ರಿಗೆ ಬಾಗಿ ಮುಖದ ಉದ್ದಕ್ಕೆ ಮಲಗಿದ್ದರೆ, ಹೊರಪದರ ಉದುರಿದ ಕ್ಷಣವೇ ಆ ತುದಿ ಬಿಚ್ಚಿಕೊಳ್ಳುತ್ತದೆ, ರಿಂಗ್ ಇದ್ದೂ ಇಲ್ಲದಂತಾಗುತ್ತದೆ. ಬಾರ್ ಬೆಂಡಿಂಗ್‌ನವರಿಗೆ 135 ಡಿಗ್ರಿ ಬಾಗಿಸಿ ಕಂಬಿಗೆ ತೂರಿಸುವುದು ಕಿರಿಕಿರಿಯ ಕೆಲಸ; ಬೀಮ್ ಕಾಲಂ ಸೇರುವ ಜಾಯಿಂಟಿನೊಳಗಂತೂ ರಿಂಗ್ ಹಾಕುವುದನ್ನೇ ಬಿಟ್ಟಿರುತ್ತಾರೆ. ಈ ಒಂದು ಗೇಣು ಜಾಗದಲ್ಲಿ ಕಂಡದ್ದೇ ಮುಂದೆ ಬಿರುಕಿಗೆ ಅಂಟು ತುಂಬುವ ಇಂಜೆಕ್ಷನ್ ಸಾಕೋ, ಕಾಲಂ ಸುತ್ತ ಹೊಸ ಕಾಂಕ್ರೀಟ್ ಹೊದಿಸುವ ಜಾಕೆಟ್ ಬೇಕೋ ಎಂಬುದನ್ನು ಬಹುಮಟ್ಟಿಗೆ ನಿರ್ಧರಿಸುತ್ತದೆ.

ಹಂತ 4: ಕಾಂಕ್ರೀಟಿನ ಪರೀಕ್ಷೆ

ರಿಬೌಂಡ್ ಹ್ಯಾಮರ್ ಎಂಬ ಸ್ಪ್ರಿಂಗ್ ಸುತ್ತಿಗೆ ಮೇಲ್ಮೈಯ ಗಟ್ಟಿತನವನ್ನಷ್ಟೇ ಹೇಳುತ್ತದೆ. ಹಳೆಯ ಕಾಂಕ್ರೀಟಿನ ಹೊರಮೈ ಗಾಳಿಯ ಸಂಪರ್ಕದಿಂದ ಗಡುಸಾಗಿರುವುದರಿಂದ ನಿಜಕ್ಕಿಂತ ಹೆಚ್ಚಿನ ಅಂಕಿ ಬರುತ್ತದೆ. ಅಲ್ಟ್ರಾಸಾನಿಕ್ ಪರೀಕ್ಷೆ ಒಂದು ಮುಖದಿಂದ ಇನ್ನೊಂದಕ್ಕೆ ಶಬ್ದದಲೆ ಕಳುಹಿಸಿ ಒಳಗಿನ ಟೊಳ್ಳು, ಬಿರುಕು ಪತ್ತೆಮಾಡುತ್ತದೆ. ಕವರ್ ಮೀಟರ್ ಕಂಬಿ ಎಲ್ಲಿದೆ, ಎಷ್ಟು ಆಳದಲ್ಲಿದೆ ಎಂದು ತೋರಿಸುತ್ತದೆ. ಕಾಂಕ್ರೀಟಿನ ನಿಜವಾದ ಬಲ ತಿಳಿಯಬೇಕಾದರೆ ಕೋರ್, ಅಂದರೆ ಕೊರೆದು ತೆಗೆದ ಉರುಳೆ, ಬೇಕೇ ಬೇಕು. ಒಡೆದ ಕಾಲಂನಿಂದಲೇ ಕೋರ್ ತೆಗೆಯಲು ಬಿಡಬೇಡಿ. ಅದೇ ಮಹಡಿಯ ಕಡಿಮೆ ಭಾರದ ಜಾಗದಿಂದ, ಕಂಬಿ ಕಡಿಯದಂತೆ ಕವರ್ ಮೀಟರಿನಲ್ಲಿ ಗುರುತು ಹಾಕಿಕೊಂಡು ತೆಗೆಯಬೇಕು. ಅಡಿಪಾಯ ಮರೆಯಬೇಡಿ. ಒಂದೆರಡು ಫುಟಿಂಗ್‌ಗಳನ್ನು, ಅಂದರೆ ಕಾಲಂ ಕೆಳಗಿನ ಅಡಿಪಾಯದ ಪೀಠಗಳನ್ನು, ಅಗೆದು ನೋಡದೆ ಬರೆದ ವರದಿ ಅರ್ಧ ವರದಿ.

ಹಂತ 5: ಉಳಿಸುವುದೋ ಕೆಡವುವುದೋ

ಕಟ್ಟಡ ಒಟ್ಟಾರೆ ವಾಲಿದೆಯೇ ಎಂಬುದನ್ನು ಮೇಸ್ತ್ರಿಯ ತೂಕದ ಗುಂಡಿನಿಂದಲೇ ಮೊದಲ ಅಂದಾಜು ಮಾಡಬಹುದು, ನಂತರ ಸರ್ವೆ ಉಪಕರಣದಿಂದ ಖಚಿತಪಡಿಸಬೇಕು. ಒಂದು ಮಹಡಿಯ ಹೆಚ್ಚಿನ ಕಾಲಂಗಳು ನಾಲ್ಕು ಮತ್ತು ಐದನೇ ದರ್ಜೆಯಲ್ಲಿದ್ದು ಮಹಡಿ ಪಕ್ಕಕ್ಕೂ ಸರಿದಿದ್ದರೆ ಉಳಿಸುವ ಆಸೆ ಬಿಡುವುದೇ ಕ್ಷೇಮ. ಕಾಂಕ್ರೀಟಿನ ಗುಣವೇ ಕಳಪೆಯೆಂದು ಕೋರ್ ತೋರಿಸಿದರೂ ಅಷ್ಟೆ: ಪುಡಿಯಾಗುವ ಕಾಲಂನ ಸುತ್ತ ಗಟ್ಟಿ ಜಾಕೆಟ್ ಹೊದಿಸಬಹುದು, ಪುಡಿಯಾಗುವ ಜಾಯಿಂಟ್ ಮತ್ತು ಸ್ಲ್ಯಾಬಿಗೆ ಏನು ಮಾಡುತ್ತೀರಿ? ಘಾಸಿ ಕೆಲವೇ ಕಾಲಂಗಳಿಗೆ ಸೀಮಿತವಾಗಿದ್ದು ದೋಷ ಯಾವುದೆಂದು ಬೆರಳಿಟ್ಟು ತೋರಿಸಬಹುದಾದರೆ ಮುಂದಿನ ಹಂತಗಳಿಗೆ ಅರ್ಥವಿದೆ.

ಹಂತ 6: ಎಪಾಕ್ಸಿ ಇಂಜೆಕ್ಷನ್

ಎಪಾಕ್ಸಿ ಎಂದರೆ ರೆಸಿನ್ ಮತ್ತು ಹಾರ್ಡನರ್ ಎಂಬ ಎರಡು ದ್ರವಗಳನ್ನು ಬೆರೆಸಿದಾಗ ಗಟ್ಟಿಯಾಗುವ ಅಂಟು. ಸುಮಾರು 0.3ರಿಂದ 5 ಮಿಲಿಮೀಟರ್‌ವರೆಗಿನ ಬಿರುಕುಗಳನ್ನು, ಅಂಚುಗಳು ಪುಡಿಯಾಗದೆ ಗಟ್ಟಿಯಾಗಿದ್ದಾಗ, ಇದರಿಂದ ಬೆಸೆಯಬಹುದು. ಅದಕ್ಕಿಂತ ಅಗಲವಾದದ್ದಕ್ಕೆ ಕುಗ್ಗದ ಸಿಮೆಂಟ್ ಗ್ರೌಟ್, ಅಂದರೆ ಹರಿದು ತುಂಬಿಕೊಳ್ಳುವ ತೆಳು ಸಿಮೆಂಟ್ ಮಿಶ್ರಣ, ಒಳ್ಳೆಯದು.

ಬಿರುಕಿನೊಳಗಿನ ಧೂಳನ್ನು ಒತ್ತಡದ ಗಾಳಿಯಿಂದ ಊದಿ ತೆಗೆಯಬೇಕು. ನೀರು ಹಾಯಿಸಿದರೆ ಸಾಮಾನ್ಯ ಎಪಾಕ್ಸಿ ಒದ್ದೆ ಮೈಗೆ ಹಿಡಿಯುವುದಿಲ್ಲ. ನಂತರ ಬಿರುಕಿನ ಉದ್ದಕ್ಕೂ ಸುಮಾರು 150ರಿಂದ 300 ಮಿಲಿಮೀಟರಿಗೊಂದರಂತೆ ನಿಪ್ಪಲ್, ಅಂದರೆ ಅಂಟು ಒಳಹೋಗುವ ಸಣ್ಣ ನಳಿಕೆ, ಕೂರಿಸಿ, ಉಳಿದ ಬಾಯನ್ನೆಲ್ಲ ಎಪಾಕ್ಸಿ ಪುಟ್ಟಿಯಿಂದ ಮುಚ್ಚಬೇಕು. ಬಿರುಕು ಆಚೆ ಮುಖಕ್ಕೆ ತೂರಿದ್ದರೆ ಅಲ್ಲಿಯೂ ಮುಚ್ಚಬೇಕು. ಇಲ್ಲವಾದರೆ ಇತ್ತ ತುಂಬಿದ್ದು ಅತ್ತ ಸೋರಿ ಹೋಗುತ್ತದೆ. ಪುಟ್ಟಿ ಗಟ್ಟಿಯಾದ ಮೇಲೆ ಅತಿ ಕೆಳಗಿನ ನಿಪ್ಪಲ್‌ನಿಂದ ನಿಧಾನವಾದ ಒತ್ತಡದಲ್ಲಿ ತುಂಬಲು ಶುರುಮಾಡಿ, ಮೇಲಿನ ನಿಪ್ಪಲ್‌ನಿಂದ ಅಂಟು ಹನಿಯತೊಡಗಿದಾಗ ಕೆಳಗಿನದನ್ನು ಬಿಗಿದು, ಮೇಲಿನದಕ್ಕೆ ಹೋಗಬೇಕು. ಮೇಲಿನಿಂದ ಶುರುಮಾಡಿದರೆ ಒಳಗೆ ಗಾಳಿ ಸಿಕ್ಕಿಕೊಂಡು ಟೊಳ್ಳು ಉಳಿಯುತ್ತದೆ.

ಬೆರೆಸಿದ ಎಪಾಕ್ಸಿ ಅರ್ಧ ಗಂಟೆಯ ಆಸುಪಾಸಿನಲ್ಲೇ ದಪ್ಪಗಾಗುತ್ತದೆ, ಬಿಸಿಲಿದ್ದರೆ ಇನ್ನೂ ಬೇಗ, ದೊಡ್ಡ ಡಬ್ಬದಲ್ಲಿ ಒಟ್ಟಿಗೆ ಬೆರೆಸಿದರೆ ತನ್ನದೇ ಶಾಖಕ್ಕೆ ಮತ್ತೂ ಬೇಗ. ದಪ್ಪಗಾದದ್ದನ್ನು ತಿನ್ನರ್ ಹಾಕಿ ತೆಳುಮಾಡಿ ಮತ್ತೆ ತುಂಬುವುದನ್ನು ಕಂಡರೆ ಆ ಡಬ್ಬವನ್ನು ಅಲ್ಲೇ ಚೆಲ್ಲಿಸಿ. ಎರಡು ದ್ರವಗಳ ಪ್ರಮಾಣವನ್ನು ಕಣ್ಣಳತೆಯಲ್ಲಿ ಬೆರೆಸಲು ಬಿಡಬೇಡಿ, ತಕ್ಕಡಿ ಇಡಿಸಿ. ಎಪಾಕ್ಸಿಗೆ ಶಾಖ ಆಗದು. ನೂರು ಡಿಗ್ರಿಗಿಂತ ಸಾಕಷ್ಟು ಕಡಿಮೆ ಉಷ್ಣತೆಯಲ್ಲೇ ಮೆತ್ತಗಾಗುತ್ತದೆ. ಹಾಗಾಗಿ ದಪ್ಪ ಗಾರೆಯ ರಕ್ಷಣೆ ಬೇಕು. ಇನ್ನು, ಅಂಟು ಹಾಕಿದ ಬಿರುಕು ಮತ್ತೆ ತೆರೆಯದಿದ್ದರೂ, ರಿಂಗ್ ಕಡಿಮೆಯಿರುವ ಕಾಲಂ ಮುಂದಿನ ಸಲ ಅದರ ಪಕ್ಕದಲ್ಲೇ ಹೊಸದಾಗಿ ಬಿರಿಯುತ್ತದೆ. ಇಂಜೆಕ್ಷನ್ ದುರಸ್ತಿಯೇ ಹೊರತು ಬಲವರ್ಧನೆಯಲ್ಲ.

ಹಂತ 7: ಪುಡಿಯಾದ ಕಾಂಕ್ರೀಟ್, ಬಾಗಿದ ಕಂಬಿ

ಆಸರೆ ಪೂರ್ತಿಯಾದ ಮೇಲೆ, ಒಂದು ಸಲಕ್ಕೆ ಒಂದೇ ಕಾಲಂನಂತೆ ಈ ಕೆಲಸ ನಡೆಯಬೇಕು. ಕೂಲಿ ಉಳಿಸಲು ಅಕ್ಕಪಕ್ಕದ ನಾಲ್ಕು ಕಾಲಂ ಒಟ್ಟಿಗೆ ಕೆತ್ತುವುದು ಅಪಾಯಕ್ಕೆ ಆಹ್ವಾನ. ದೊಡ್ಡ ಬ್ರೇಕರ್ ಬೇಡ. ಅದರ ನಡುಕಕ್ಕೆ ಉಳಿದ ಕಾಂಕ್ರೀಟೂ ಸಡಿಲಗೊಳ್ಳುತ್ತದೆ. ಹಗುರವಾದ ಚಿಪ್ಪಿಂಗ್ ಯಂತ್ರದಿಂದ ಪುಡಿಯಾದದ್ದನ್ನೆಲ್ಲ, ಸುತ್ತಿಗೆಯಲ್ಲಿ ತಟ್ಟಿದಾಗ ಗಟ್ಟಿ ಸದ್ದು ಬರುವವರೆಗೆ ಮತ್ತು ಕಂಬಿಯ ಹಿಂದೆ ಬೆರಳು ಆಡುವವರೆಗೆ ತೆಗೆಯಬೇಕು.

ಬಾಗಿದ ಕಂಬಿಯನ್ನು ಸುತ್ತಿಗೆಯಿಂದ ಬಡಿದೋ ಗ್ಯಾಸ್ ಜ್ವಾಲೆಯಿಂದ ಕಾಯಿಸಿಯೋ ನೆಟ್ಟಗೆ ಮಾಡುವುದು ಸೈಟಿನಲ್ಲಿ ತೀರಾ ಸಾಮಾನ್ಯ, ತೀರಾ ತಪ್ಪು. ಟಿಎಂಟಿ ಕಂಬಿಯ ಬಲವಿರುವುದು ನೀರಿನಲ್ಲಿ ತಣಿಸಿ ಗಡುಸಾಗಿಸಿದ ಅದರ ಹೊರಸುತ್ತಿನಲ್ಲಿ. ಕೆಂಪಗೆ ಕಾಯಿಸಿದರೆ ಅದು ಹೋಯಿತು. ಬಾಗಿದ ಭಾಗವನ್ನು ಕತ್ತರಿಸಿ ತೆಗೆದು, ಅದೇ ಗಾತ್ರದ ಹೊಸ ತುಂಡನ್ನು ಕಪ್ಲರ್‌ನಿಂದ, ಅಂದರೆ ಎರಡು ಕಂಬಿಗಳ ತುದಿಗಳನ್ನು ಹಿಡಿದಿಡುವ ಉಕ್ಕಿನ ತೋಳಿನಿಂದ, ಅಥವಾ ಎಂಜಿನಿಯರ್ ಒಪ್ಪಿದ ವೆಲ್ಡಿಂಗ್‌ನಿಂದ ಜೋಡಿಸಬೇಕು. ನಂತರ ಹೊಸ ರಿಂಗ್‌ಗಳನ್ನು ಹತ್ತಿರ ಹತ್ತಿರ ಹಾಕಿ, ಅಚ್ಚು ಕಟ್ಟಿ, ಮೈಕ್ರೋಕಾಂಕ್ರೀಟ್ ಸುರಿಯಬೇಕು. ಇದು ಚೀಲದಲ್ಲಿ ಬರುವ, ನೀರು ಬೆರೆಸಿದರೆ ತಾನಾಗಿ ಹರಿದು ಮೂಲೆ ಸೇರುವ, ಕುಗ್ಗದ ಕಾಂಕ್ರೀಟು. ಚೀಲದ ಮೇಲೆ ಬರೆದ ಅಳತೆಗಿಂತ ಒಂದು ಚೊಂಬು ನೀರು ಹೆಚ್ಚಾದರೂ ಕುಗ್ಗದ ಗುಣ ಕೆಡುತ್ತದೆ.

ಹಂತ 8: ಕಾಲಂಗೆ ಜಾಕೆಟ್

ಜಾಕೆಟ್ ಎಂದರೆ ಹಳೆಯ ಕಾಲಂನ ಸುತ್ತ ಹೊಸ ಕಂಬಿ ಕಟ್ಟಿ ಹೊಸ ಕಾಂಕ್ರೀಟಿನ ಹೊದಿಕೆ ಹಾಕುವುದು. 1985ರ ಸೆಪ್ಟೆಂಬರ್ 19ರ ಭೂಕಂಪದ ನಂತರ ಮೆಕ್ಸಿಕೊ ನಗರದಲ್ಲಿ ದೊಡ್ಡ ಪ್ರಮಾಣದಲ್ಲಿ ಬಳಕೆಗೆ ಬಂದ ಈ ವಿಧಾನ, 2001ರ ನಂತರ ಅಹಮದಾಬಾದಿನ ಸ್ಟಿಲ್ಟ್ ಮಹಡಿಗಳಲ್ಲೂ ಕಾಣಿಸಿಕೊಂಡಿತು. ಐಎಸ್ 15988ರ ಪ್ರಕಾರ ಹೊದಿಕೆಯ ದಪ್ಪ ಕನಿಷ್ಠ 100 ಮಿಲಿಮೀಟರ್ ಇರಬೇಕು, ಹೊಸ ಕಾಂಕ್ರೀಟಿನ ಬಲ ಹಳೆಯದಕ್ಕಿಂತ ಕನಿಷ್ಠ 5 ಮೆಗಾಪ್ಯಾಸ್ಕಲ್ ಹೆಚ್ಚಿರಬೇಕು. ಲೆಕ್ಕದಲ್ಲಿ ಹೆಚ್ಚುವರಿ ಉದ್ದ ಕಂಬಿ ಬೇಡವೆಂದು ಬಂದರೂ ನಾಲ್ಕು ಮೂಲೆಗಳಲ್ಲಿ 12 ಮಿಲಿಮೀಟರ್ ಕಂಬಿ, 100 ಮಿಲಿಮೀಟರಿಗೊಂದು 8 ಮಿಲಿಮೀಟರ್ ರಿಂಗ್, ಅದರ ತುದಿ 135 ಡಿಗ್ರಿಗೆ ಬಾಗಿರಬೇಕು.

ಈ ಅಂಕಿಗಳನ್ನು ಪಾಲಿಸಿಯೂ ಜಾಕೆಟ್ ನಿಷ್ಫಲವಾಗುವ ಒಂದು ದಾರಿಯಿದೆ. ಹೊಸ ಕಂಬಿಗಳು ಕೆಳಗೆ ನೆಲದ ಟೈಲ್ಸ್ ಮೇಲೆ ನಿಂತು, ಮೇಲೆ ಬೀಮಿನ ಅಡಿಗೆ ಬಂದು ಮುಗಿಯುವುದೇ ಆ ದಾರಿ. ನೋಡಲು ಕಾಲಂ ದಪ್ಪಗಾಗಿ ಭದ್ರವಾಗಿ ಕಾಣಿಸುತ್ತದೆ. ಆದರೆ ಭೂಕಂಪದಲ್ಲಿ ಅತಿ ಹೆಚ್ಚು ಬಾಗುವ ಬಲ ಬರುವುದು ಕಾಲಂನ ಎರಡು ತುದಿಗಳಲ್ಲಿ. ಹೊಸ ಕಂಬಿ ಅಲ್ಲಿಗೆ ತಲುಪದೆ ನಡುವೆ ಮಾತ್ರ ಇದ್ದರೆ, ನೀವು ಗಟ್ಟಿಮಾಡಿದ್ದು ಒಡೆಯದ ಜಾಗವನ್ನು. ಆದ್ದರಿಂದ ಕೆಳಗೆ ನೆಲ ಅಗೆದು ಫುಟಿಂಗ್‌ವರೆಗೆ ಹೋಗಿ ಅಲ್ಲಿ ಕಂಬಿಗಳನ್ನು ನೆಡಬೇಕು; ಮೇಲೆ ಸ್ಲ್ಯಾಬಿನಲ್ಲಿ ರಂಧ್ರ ಕೊರೆದು ಕಂಬಿಗಳನ್ನು ಮೇಲಿನ ಮಹಡಿಗೆ ದಾಟಿಸಬೇಕು. ಮಧ್ಯದ ಕಂಬಿಗಳಿಗೆ ಬೀಮ್ ಅಡ್ಡ ಬರುವುದರಿಂದ ದಾಟುವ ಕಂಬಿಗಳನ್ನು ಮೂಲೆಗಳಲ್ಲಿ ಗುಂಪಾಗಿಸುತ್ತಾರೆ. ಜಾಯಿಂಟಿನಲ್ಲಿ ಬೀಮಿಗೆ ಅಡ್ಡ ರಂಧ್ರ ಕೊರೆದು ಎಲ್ ಆಕಾರದ ತುಂಡುಗಳನ್ನು ತೂರಿಸಿ ರಿಂಗ್ ಮುಚ್ಚಬೇಕು. ಕೊಟೇಶನ್ ತೆಗೆದುಕೊಳ್ಳುವಾಗಲೇ “ಕಂಬಿ ಸ್ಲ್ಯಾಬ್ ದಾಟುತ್ತದೆಯೇ, ಫುಟಿಂಗ್‌ಗೆ ಇಳಿಯುತ್ತದೆಯೇ?” ಎಂದು ಕೇಳಿ. ಅಗ್ಗದ ಕೊಟೇಶನ್ ಏಕೆ ಅಗ್ಗವೆಂಬುದು ಬಹುಪಾಲು ಈ ಪ್ರಶ್ನೆಗೇ ಬಯಲಾಗುತ್ತದೆ.

ಫುಟಿಂಗ್‌ನಲ್ಲಿ ಕಂಬಿ ನೆಡಲು ರಂಧ್ರ ಕೊರೆದು ರಾಸಾಯನಿಕ ಅಂಟು ತುಂಬುತ್ತಾರೆ. ಕೊರೆದ ಪುಡಿ ಒಳಗೇ ಉಳಿದರೆ ಅಂಟು ಹಿಡಿಯುವುದು ಪುಡಿಯನ್ನು, ಕಾಂಕ್ರೀಟನ್ನಲ್ಲ. ಊದು, ಬ್ರಷ್ ಹಾಕು, ಮತ್ತೆ ಊದು ಎಂಬ ಕ್ರಮ ಪ್ರತಿ ರಂಧ್ರಕ್ಕೂ ನಡೆಯಬೇಕು. ಕೆಲವು ಕಂಬಿಗಳನ್ನು ಜಾಕ್‌ನಿಂದ ಎಳೆದು ಪರೀಕ್ಷಿಸುವ ಷರತ್ತನ್ನು ಕರಾರಿನಲ್ಲೇ ಬರೆಸಿ.

ಹಳೆಯ ಕಾಲಂನ ಮೈಯನ್ನು ಸುಮಾರು 6 ಮಿಲಿಮೀಟರ್ ಏರುತಗ್ಗು ಬರುವಂತೆ ಒರಟಾಗಿಸಿ, ಹಿಂದಿನ ದಿನವೇ ನೀರು ಕುಡಿಸಿ, ಸುರಿಯುವ ಹೊತ್ತಿಗೆ ಮೇಲ್ಮೈ ಒಣಗಿರುವಂತೆ ನೋಡಿಕೊಳ್ಳಬೇಕು. ಹಳೆಯದನ್ನೂ ಹೊಸದನ್ನೂ ಬೆಸೆಯಲು ಎಪಾಕ್ಸಿ ಬಳಿಯುವುದಾದರೆ ಅದರ ಕ್ರಮ ಬೇರೆ: ಮೈ ಒಣಗಿರಬೇಕು, ಬಳಿದದ್ದು ಕೈಗಂಟುತ್ತಿರುವಾಗಲೇ ಕಾಂಕ್ರೀಟ್ ಬೀಳಬೇಕು. ಬೆಳಿಗ್ಗೆ ಬಳಿದು ಊಟ ಮುಗಿಸಿ ಸಂಜೆ ಸುರಿದರೆ, ಒಣಗಿ ಗಾಜಿನಂತಾದ ಆ ಪದರ ಬೆಸೆಯುವ ಬದಲು ಬೇರ್ಪಡಿಸುತ್ತದೆ. ಅಚ್ಚು ಬಿಚ್ಚಿದ ಮೇಲೆ ಗೋಣಿಚೀಲ ಸುತ್ತಿ ಕನಿಷ್ಠ ಏಳು ದಿನ ತೇವ ಆರದಂತೆ ಕ್ಯೂರಿಂಗ್ ಮಾಡಬೇಕು.

ಆಸರೆಯ ಬಗ್ಗೆ ಇನ್ನೊಂದು ಮಾತು ಇಲ್ಲಿ ಸೇರುತ್ತದೆ. ಭಾರ ಹೊತ್ತಿರುವ ಕಾಲಂಗೆ ಹಾಗೆಯೇ ಜಾಕೆಟ್ ಹಾಕಿದರೆ, ಈಗಿರುವ ಭಾರವೆಲ್ಲ ಹಳೆಯ ಕಾಲಂ ಮೇಲೆಯೇ ಉಳಿದು, ಮುಂದೆ ಬರುವ ಬಲದಲ್ಲಷ್ಟೇ ಜಾಕೆಟ್ ಪಾಲು ಪಡೆಯುತ್ತದೆ. ಜಾಕ್‌ಗಳ ಮೇಲೆ ಭಾರ ತೆಗೆದುಕೊಂಡು ಜಾಕೆಟ್ ಹಾಕಿ, ಅದು ಬಲಿತ ಮೇಲೆ ಮೆಲ್ಲನೆ ಇಳಿಸಿದರೆ ಎರಡೂ ಹಂಚಿಕೊಳ್ಳುತ್ತವೆ.

ಜಾಗ ಕಡಿಮೆಯಿರುವ ಕಡೆ ಇಂಗಾಲದ ನಾರಿನ ಬಟ್ಟೆಯನ್ನು ಎಪಾಕ್ಸಿಯಲ್ಲಿ ಅದ್ದಿ ಸುತ್ತುವ ವಿಧಾನವಿದೆ. ರಿಂಗ್‌ಗಳ ಕೊರತೆಯನ್ನು ಇದು ಚೆನ್ನಾಗಿ ತುಂಬುತ್ತದೆ. ಆದರೆ ಬಾಗುವಿಕೆಯನ್ನು ತಡೆಯುವ ಕಾಲಂನ ಬಲವನ್ನು ಅಡ್ಡ ಸುತ್ತಿದ ಬಟ್ಟೆ ಹೆಚ್ಚಿಸುವುದಿಲ್ಲ. ಚೌಕ ಕಾಲಂನ ಮೂಲೆಗಳನ್ನು ಮೊದಲು ಉರುಟಾಗಿಸದಿದ್ದರೆ ಬಟ್ಟೆ ಅಲ್ಲೇ ಹರಿಯುತ್ತದೆ.

ಹಂತ 9: ಸ್ಟಿಲ್ಟ್ ಮಹಡಿ ಮತ್ತು ಗೋಡೆಗಳು

ಸ್ಟಿಲ್ಟ್‌ನ ಎಲ್ಲ ಕಾಲಂಗಳಿಗೆ ಜಾಕೆಟ್ ಹಾಕುವುದಕ್ಕಿಂತ, ಕೆಲವು ಕಾಲಂಗಳ ನಡುವೆ ಅಡಿಪಾಯದಿಂದಲೇ ಆರ್‌ಸಿಸಿ ಗೋಡೆ ಎಬ್ಬಿಸುವುದು ಅಥವಾ ಉಕ್ಕಿನ ಓರೆ ಪಟ್ಟಿಗಳನ್ನು ಕೂರಿಸುವುದು ಹಲವು ಸಲ ಮೇಲು. ಗೋಡೆಗಳು ಕಟ್ಟಡದ ಎರಡೂ ದಿಕ್ಕಿಗೆ, ಎದುರುಬದುರಾಗಿ ಸಮತೂಕದಲ್ಲಿ ಬರಬೇಕು. ಒಂದೇ ಬದಿಗೆ ಕಟ್ಟಿದರೆ ಭೂಕಂಪದಲ್ಲಿ ಕಟ್ಟಡ ತಿರುಚಿಕೊಳ್ಳುತ್ತದೆ. ಇದರಿಂದ ಒಂದೆರಡು ಕಾರಿನ ಜಾಗ ಹೋಗುತ್ತದೆ, ಮತ್ತು ಫ್ಲ್ಯಾಟ್ ಮಾಲೀಕರ ಸಭೆಯಲ್ಲಿ ಎಪಾಕ್ಸಿಗಿಂತ ಹೆಚ್ಚು ಹೊತ್ತು ಚರ್ಚೆಯಾಗುವುದು ಆ ಜಾಗ ಯಾರದ್ದು ಎಂಬುದೇ. ತೇಲುಕಾಲಂ ಇದ್ದರೆ ಅದರ ಭಾರವನ್ನು ನೆಲಕ್ಕಿಳಿಸುವ ಹೊಸ ಕಾಲಂ ಮತ್ತು ಫುಟಿಂಗ್ ಬೇಕೇ ಎಂದು ಎಂಜಿನಿಯರನ್ನು ಕೇಳಲೇಬೇಕು.

ಮೇಲಿನ ಮಹಡಿಗಳ ಇಟ್ಟಿಗೆ ಗೋಡೆಯ ಓರೆ ಬಿರುಕುಗಳನ್ನು ಕೊನೆಯಲ್ಲಿ ಸರಿಪಡಿಸಿದರೆ ಸಾಕು. ಸಡಿಲಾದ ಇಟ್ಟಿಗೆ ತೆಗೆದು ಮರುಕಟ್ಟಿ, ಗೋಡೆ ಮತ್ತು ಬೀಮ್ ಕೂಡುವಲ್ಲಿ ತಂತಿಬಲೆ ಬಡಿದು ಗಾರೆ ಮಾಡಬೇಕು. ಗಿಡ್ಡ ಕಾಲಂನ ಸಮಸ್ಯೆಯಿದ್ದಲ್ಲಿ ಅರ್ಧಗೋಡೆ ಮತ್ತು ಕಾಲಂ ನಡುವೆ ಸಂದು ಬಿಟ್ಟು, ಅದನ್ನು ಮೆದು ವಸ್ತುವಿನಿಂದ ತುಂಬಿಸಬೇಕು. ಗೋಡೆ ಪಕ್ಕಕ್ಕೆ ಬೀಳದಂತೆ ಬೇರೆ ಹಿಡಿತ ಕೊಡಬೇಕು.

ಹಂತ 10: ಮುಚ್ಚುವ ಮೊದಲು ತಪಾಸಣೆ

ಎಪಾಕ್ಸಿ ತುಂಬಿದ ಕಡೆ ಎಂಜಿನಿಯರ್ ಗುರುತಿಸಿದ ಜಾಗದಿಂದ ಸಣ್ಣ ಕೋರ್ ತೆಗೆಸಿ, ಬಿರುಕಿನ ಆಳದ 90 ಪ್ರತಿಶತವಾದರೂ ತುಂಬಿದೆಯೇ ನೋಡಿ. ಜಾಕೆಟ್ ಮೇಲೆಲ್ಲ ಸುತ್ತಿಗೆಯಿಂದ ತಟ್ಟಿಸಿ. ಟೊಳ್ಳು ಸದ್ದು ಬಂದಲ್ಲಿ ಸುಣ್ಣದ ಕಡ್ಡಿಯಿಂದ ಗುರುತು ಹಾಕಿ, ಗ್ರೌಟ್ ತುಂಬಿಸಿ ಮತ್ತೆ ತಟ್ಟಿಸಿ. ಹೊಸ ಕಾಂಕ್ರೀಟಿನಿಂದ ಬಲಪರೀಕ್ಷೆಗೆಂದು ಎರೆದಿಟ್ಟ ಕ್ಯೂಬ್‌ಗಳ 28 ದಿನದ ಫಲಿತಾಂಶ ಬರುವವರೆಗೆ ಜಾಕ್ ಬಿಚ್ಚಲು ಒಪ್ಪಬೇಡಿ. ಕಂಬಿ ಕಟ್ಟಿದ ಮೇಲೆ, ಅಚ್ಚು ಮುಚ್ಚುವ ಮುನ್ನ, ಪ್ರತಿ ಕಾಲಂನ ತಲೆ ಮತ್ತು ಬುಡದ ಫೋಟೊವನ್ನು ಕಾಲಂ ಸಂಖ್ಯೆ ಕಾಣುವಂತೆ ತೆಗೆದಿಡಿ, ಏಕೆಂದರೆ ಒಮ್ಮೆ ಮುಚ್ಚಿದ ಮೇಲೆ ಒಳಗೆ ಏನಿದೆ ಎಂದು ತೋರಿಸಲು ಬೇರೆ ಸಾಕ್ಷಿ ಇರುವುದಿಲ್ಲ. ಗುತ್ತಿಗೆದಾರರ ಕೊನೆಯ ಕಂತನ್ನು ಈ ಫೋಟೊಗಳು, ಪರೀಕ್ಷಾ ವರದಿಗಳು ಮತ್ತು ಎಂಜಿನಿಯರ್ ಸಹಿ ಮಾಡಿದ ಹೊಸ ನಕ್ಷೆಗಳು ಕೈಗೆ ಬಂದ ನಂತರವೇ ಕೊಡಿ. ನಕ್ಷೆಯ ಒಂದು ಪ್ರತಿಯನ್ನು ಆ ಕಟ್ಟಡದಲ್ಲಿ ಇಡದೆ ಬೇರೆಡೆ ಇಡಿ.